45 ಲಕ್ಷದ ಕೋರ್ಟು ಖರ್ಚು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು ಹೇಗೆ?

ಕೇಸು ಸೋತವರು ಗೆದ್ದವರ ಕೋರ್ಟು ಖರ್ಚು ಕೊಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಕೊಡಬೇಕು? ಗೆದ್ದವರು ತಮ್ಮ ವಕೀಲರಿಗೆ ಸುರಿದಷ್ಟೂ ಕೊಡಬೇಕಾ? ಜಾಸ್ತಿ ಆಯ್ತು ಅನ್ನಿಸಿದರೆ ಬರೀ ಖರ್ಚಿನ ಮೇಲೆ ಅಪೀಲು ಹೋಗಬಹುದಾ?

ಇದಕ್ಕೆಲ್ಲ ಉತ್ತರ ಹುಡುಕಲು ದೆಹಲಿಯ ಒಂದೇ ಒಂದು ಪ್ರಕರಣ ಸಾಕು. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಒಂದು ಮೇಲ್ಮನವಿಯಲ್ಲಿ ಸೋತವರ ಮೇಲೆ 45,28,000 ರೂಪಾಯಿ ಖರ್ಚು ಹೇರಿತ್ತು. 2011ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಆ ಮೊತ್ತವನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಅಚ್ಚು ಹಾಕುವ ಎಸ್‌ಸಿಸಿಯ (ಸುಪ್ರೀಂ ಕೋರ್ಟ್ ಕೇಸಸ್) 2012ರ 1ನೇ ಸಂಪುಟದ 455ನೇ ಪುಟದಿಂದ ಇದರ ತೀರ್ಪು ಇದೆ. ಹೈಕೋರ್ಟಿನಲ್ಲಿ ಗೆದ್ದ ಪಕ್ಷ ರಘುಬೀರ್ ಸರನ್ ಚಾರಿಟಬಲ್ ಟ್ರಸ್ಟ್. ಎದುರು ಪಕ್ಷದವರು ಖಾಸಗಿ ವ್ಯಕ್ತಿ, ಅವರ ಹೆಸರು ಇಲ್ಲಿ ಬೇಡ. ಹಾಗಾಗಿ ಇದನ್ನು ಸುಮ್ನೆ ಟ್ರಸ್ಟ್ ಪ್ರಕರಣ ಎಂದು ಕರೆಯುತ್ತೇನೆ.

ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ವಕೀಲರಾಗಿ, ಆಮೇಲೆ ಅಲ್ಲೇ ನ್ಯಾಯಮೂರ್ತಿಯಾಗಿ ಕೂತಿದ್ದ ಆರ್.ವಿ. ರವೀಂದ್ರನ್. ನಿವೃತ್ತಿಗೆ ಇನ್ನು ಕೆಲವೇ ದಿನ ಇದ್ದಾಗ ಇದನ್ನು ಬರೆದರು. ಕೋರ್ಟು ಖರ್ಚಿನ ವಿಷಯ ಅವರಿಗೆ ಹೊಸದಲ್ಲ. ಹಿಂದಿನ ವರ್ಷವೇ ಅದೇ ದೆಹಲಿ ಹೈಕೋರ್ಟಿನ ಇನ್ನೊಂದು ಆದೇಶವನ್ನು ಇದೇ ರೀತಿ ಪರಿಶೀಲಿಸಿದ್ದರು. ಅದರ ಕತೆ ಮುಂದೆ ಬರುತ್ತದೆ.

ಡಿಕ್ರಿಯ ಕೊನೆಯ ಹಾಳೆ

ಮೊದಲು ಒಂದು ಹಾಳೆ ನೋಡೋಣ. ಸಿವಿಲ್ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಫಲ ಬರೆದ ಆದೇಶ, ಕೈಗೆ ಬಂದಾಗ ಜನ ಮೊದಲ ಪುಟ ಓದುತ್ತಾರೆ. ಗೆದ್ದೆವಾ, ಸೋತೆವಾ ನೋಡಿ ಮಡಿಚಿಡುತ್ತಾರೆ. ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಎಡಗಡೆ ವಾದಿಯ ಖರ್ಚು, ಬಲಗಡೆ ಪ್ರತಿವಾದಿಯ ಖರ್ಚು. ದಾವೆಗೆ ಹಚ್ಚಿದ ಸ್ಟಾಂಪು, ವಕಾಲತ್ತಿನ ಸ್ಟಾಂಪು, ದಾಖಲೆಗಳ ಸ್ಟಾಂಪು, ಇಷ್ಟು ಮೊತ್ತದ ದಾವೆಗೆ ಇಷ್ಟು ಎಂದು ವಕೀಲರ ಫೀ, ಸಾಕ್ಷಿಗಳ ಬತ್ತಾ, ಕಮಿಷನರ್ ಫೀ, ಸಮನ್ಸ್ ಜಾರಿಯ ಖರ್ಚು. ಕೆಳಗೆ ಒಟ್ಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಅನುಬಂಧದಲ್ಲೇ ಈ ನಮೂನೆ ಇದೆ.

ಈ ಪಟ್ಟಿಯಲ್ಲಿ ವಕೀಲರ ಫೀ ಎಂದು ಬರೆದ ಅಂಕಿಗೂ ಕಕ್ಷಿದಾರರು ವಕೀಲರ ಕೈಗೆ ಕೊಟ್ಟ ದುಡ್ಡಿಗೂ ಸಾಮಾನ್ಯವಾಗಿ ಸಂಬಂಧವೇ ಇರುವುದಿಲ್ಲ. ಅದು ನಿಯಮದ ಪ್ರಕಾರ ಲೆಕ್ಕ ಹಾಕಿದ ಫೀ. ದಾವೆಯ ಬೆಲೆ, ದಾವೆಯ ಸ್ವರೂಪ ನೋಡಿ ಹೈಕೋರ್ಟಿನ ನಿಯಮಗಳು ಅದನ್ನು ಗೊತ್ತುಮಾಡುತ್ತವೆ. ಹತ್ತು ವರ್ಷ ಅಲೆದು ಲಕ್ಷಗಟ್ಟಲೆ ಕಳೆದುಕೊಂಡವರು ಗೆದ್ದ ಮೇಲೆ ಈ ಪಟ್ಟಿ ನೋಡಿ ನಗಬೇಕೋ ಅಳಬೇಕೋ ಗೊತ್ತಾಗದೆ ಕೂರುವುದು ಇದಕ್ಕೇ.

ದೆಹಲಿಯ ಪೀಠ ಈ ಅನ್ಯಾಯ ಸರಿಮಾಡಲು ಹೊರಟಿತ್ತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೈಕೋರ್ಟಿನಲ್ಲಿ ಆದದ್ದು

ಮೂಲ ದಾವೆ ಶಾಶ್ವತ ತಡೆಯಾಜ್ಞೆ ಕೇಳಿದ್ದು. ಅದು ಇನ್ನೂ ನಡೆಯುತ್ತಿತ್ತು, ಮುಗಿದಿರಲಿಲ್ಲ. ಮಧ್ಯದಲ್ಲಿ ಹೊರಟ ತಾತ್ಕಾಲಿಕ ತಡೆಯಾಜ್ಞೆಯ ಮೇಲೆ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಬಂತು. ಅಂದರೆ ದಾವೆಯಲ್ಲಿ ಯಾರ ಪಾಲಿಗೆ ನ್ಯಾಯ ಇದೆ ಎಂಬುದು ಇನ್ನೂ ತೀರ್ಮಾನ ಆಗಿರಲಿಲ್ಲ. ದಾವೆ ಮುಗಿಯುವ ತನಕ ಯಥಾಸ್ಥಿತಿ ಹೇಗಿರಬೇಕು ಅನ್ನುವುದಷ್ಟೇ ಪ್ರಶ್ನೆ.

ಮೇಲ್ಮನವಿ ಸೋತಿತು. ಗೆದ್ದ ಕಡೆಯವರು ತಮ್ಮ ಖರ್ಚಿನ ಪಟ್ಟಿ ಕೊಟ್ಟರು. ಅದರ ಮೊತ್ತ 45,28,000 ರೂಪಾಯಿ. ಪೀಠ ಅಷ್ಟನ್ನೂ ಕೊಡುವಂತೆ ಆದೇಶ ಮಾಡಿತು.

ಪೀಠಕ್ಕೆ ಇದ್ದ ಆಸರೆ ಸುಪ್ರೀಂ ಕೋರ್ಟಿನದೇ ಹಳೆಯ ತೀರ್ಪು, 2005ರ ಆಗಸ್ಟ್ 2ರ ಸೇಲಂ ಅಡ್ವೊಕೇಟ್ ಬಾರ್ ಅಸೋಸಿಯೇಷನ್ ಪ್ರಕರಣ. ಖರ್ಚು ಎಂದರೆ ನಿಜವಾಗಿ ಆದ, ಸಮಂಜಸವಾದ ಖರ್ಚು ಆಗಿರಬೇಕು ಎಂದು ಅಲ್ಲಿ ಹೇಳಿತ್ತು. ಗೆದ್ದವರು ಕಳೆದುಕೊಂಡ ಸಮಯ, ಓಡಾಟ, ಉಳಿದುಕೊಂಡ ಖರ್ಚು, ಕೋರ್ಟ್ ಫೀ, ವಕೀಲರ ಫೀ, ಟೈಪಿಂಗ್ ಎಲ್ಲ ಸೇರಬೇಕು ಎಂದಿತ್ತು. ಖರ್ಚಿನ ಭಯ ಇಲ್ಲದ್ದರಿಂದಲೇ ಸುಳ್ಳು ದಾವೆಗಳು ಹೆಚ್ಚುತ್ತಿವೆ ಎಂಬ ಚಿಂತೆ ಅದರ ಹಿಂದೆ ಇತ್ತು. ಇಷ್ಟು ಓದಿದ ಯಾರಿಗಾದರೂ ದೆಹಲಿಯ ಆದೇಶ ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ?

ಆದರೆ ಸೇಲಂ ತೀರ್ಪಿನಲ್ಲಿ ಇನ್ನೊಂದು ವಾಕ್ಯವೂ ಇತ್ತು. ಹೈಕೋರ್ಟುಗಳು ಈ ವಿಷಯ ಪರಿಶೀಲಿಸಿ, ಬೇಕಾದ ಕಡೆ ನಿಯಮ ಮಾಡಬೇಕು ಎಂದು. ಪ್ರಕರಣ ತಿರುಗಿದ್ದು ಈ ವಾಕ್ಯದ ಮೇಲೆ.

ಸುಪ್ರೀಂ ಕೋರ್ಟ್ ಹಿಡಿದ ಎಳೆ

ಸಂಹಿತೆಯ 35ನೇ ಕಲಂ ಕೋರ್ಟಿಗೆ ಖರ್ಚಿನ ವಿಷಯದಲ್ಲಿ ಪೂರ್ತಿ ವಿವೇಚನೆ ಕೊಡುತ್ತದೆ. ಯಾರು ಕೊಡಬೇಕು, ಯಾವ ಆಸ್ತಿಯಿಂದ ಕೊಡಬೇಕು, ಎಷ್ಟರ ಮಟ್ಟಿಗೆ ಕೊಡಬೇಕು ಎಲ್ಲ ಕೋರ್ಟಿಗೆ ಬಿಟ್ಟದ್ದು. ಆದರೆ ಆ ಕಲಂ ಶುರುವಾಗುವುದೇ ಒಂದು ಷರತ್ತಿನಿಂದ. ನಿಯಮಗಳು ಹಾಕಿದ ಷರತ್ತು, ಮಿತಿಗಳಿಗೆ ಒಳಪಟ್ಟು ಎನ್ನುತ್ತದೆ ಅದು. ಸುಪ್ರೀಂ ಕೋರ್ಟ್ ಹಿಡಿದದ್ದು ಇದನ್ನೇ. ವಿವೇಚನೆ ಇದೆ ನಿಜ, ಆದರೆ ಅದು ನಿಯಮದ ಬೇಲಿಯೊಳಗಿನ ವಿವೇಚನೆ. ಸೇಲಂ ತೀರ್ಪು ಆ ಬೇಲಿಯನ್ನು ಕಿತ್ತುಹಾಕಲಿಲ್ಲ. ಬೇಲಿ ದೊಡ್ಡದು ಮಾಡಿ ಎಂದು ಹೈಕೋರ್ಟುಗಳಿಗೆ ಹೇಳಿತು, ಅಷ್ಟೇ. ಹೊಸ ನಿಯಮ ಬರುವವರೆಗೆ ಹಳೆಯ ನಿಯಮವೇ ಗತಿ.

ಎರಡನೆಯ ಕಾರಣ ನನಗೆ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ನಿಜವಾದ ಖರ್ಚು ಕೊಡಿಸಬೇಕು ಎಂದೇ ಇಟ್ಟುಕೊಂಡರೂ ಅದು ಮನಬಂದಂತೆ ಮಾಡಿದ ಖರ್ಚು ಆಗಬಾರದು ಎಂದಿತು ಕೋರ್ಟು. ಮಾಮೂಲಿ ವಕೀಲರೊಬ್ಬರು ಅಂಥ ಮಾಮೂಲಿ ಕೇಸಿಗೆ ಸಾಮಾನ್ಯವಾಗಿ ಎಷ್ಟು ತೆಗೆದುಕೊಳ್ಳುತ್ತಾರೋ ಅದು ಅಳತೆ. ದುಬಾರಿ ವಕೀಲರ ದಂಡು ಕಟ್ಟಿಕೊಂಡು ಬರುವ ತಾಕತ್ತು ಎದುರಾಳಿಗೆ ಇದೆ ಎಂಬ ಕಾರಣಕ್ಕೆ ಸೋತವರ ಹೊರೆ ಏರುವಂತಿಲ್ಲ. ಹಾಗೆ ಮಾಡಿದರೆ ಖರ್ಚು ನಿರ್ಧಾರ ಆಗುವುದು ವ್ಯಾಜ್ಯದ ತೂಕದಿಂದಲ್ಲ, ಎದುರಾಳಿಯ ಜೇಬಿನಿಂದ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಹಾಸನದ ಹತ್ತಿರದ ರೈತರೊಬ್ಬರು ತಮ್ಮ ಹೊಲದ ದಾರಿಗೆ ತಡೆ ಹಾಕಿದ ಕಂಪನಿಯ ಮೇಲೆ ದಾವೆ ಹಾಕಿದರು ಅಂದುಕೊಳ್ಳಿ. ರೈತರ ವಕೀಲರು ತಾಲ್ಲೂಕಿನವರು. ಕಂಪನಿ ಬೆಂಗಳೂರಿನಿಂದ, ದೆಹಲಿಯಿಂದ ಹಿರಿಯ ವಕೀಲರನ್ನು ವಿಮಾನದಲ್ಲಿ ಕರೆಸುತ್ತದೆ. ರೈತರು ಗೆದ್ದರೆ ಕಂಪನಿ ಕೊಡಬೇಕಾದದ್ದು ಕೆಲವು ಸಾವಿರ. ಸೋತರೆ ರೈತರು ಕೊಡಬೇಕಾದದ್ದು ಹೊಲದ ಬೆಲೆಗಿಂತ ಜಾಸ್ತಿ. ಅದೇ ದಾರಿ, ಅದೇ ಜಗಳ. ಇಂಥ ಲೆಕ್ಕ ಇದ್ದರೆ ಆ ರೈತರು ಕೋರ್ಟಿನ ಮೆಟ್ಟಿಲು ಹತ್ತುತ್ತಾರಾ? ಖರ್ಚು ಸುಳ್ಳು ದಾವೆಗೆ ಕಡಿವಾಣ ಹಾಕಬೇಕು, ಗೆದ್ದವರ ನಷ್ಟ ತುಂಬಬೇಕು, ರಾಜಿಗೆ ಪ್ರೇರಣೆ ಆಗಬೇಕು, ಆದರೆ ನಿಜವಾದ ತಕರಾರು ಇರುವವರಿಗೆ ಕೋರ್ಟಿನ ಬಾಗಿಲು ಮುಚ್ಚಬಾರದು ಎಂದು ಟ್ರಸ್ಟ್ ಪ್ರಕರಣದ ತೀರ್ಪು ಹೇಳುತ್ತದೆ. ಈ ನಾಲ್ಕರಲ್ಲಿ ಕೊನೆಯದನ್ನೇ ದೆಹಲಿಯ ಆದೇಶ ಮರೆತಿತ್ತು.

ಮೂರನೆಯದು, ಪ್ರಕರಣ ಇದ್ದ ಹಂತ. ದಾವೆ ಬಾಕಿ ಇರುವಾಗ ತಾತ್ಕಾಲಿಕ ತಡೆಯಾಜ್ಞೆಯ ಮೇಲ್ಮನವಿಯಲ್ಲಿ 45 ಲಕ್ಷ ಹಾಕುವುದು ಕಾನೂನಿಗೆ ಒಪ್ಪುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ಇದರ ಹಿಂದಿನ ತರ್ಕ ನೋಡಿ. ಮಧ್ಯಂತರ ಹಂತದಲ್ಲಿ ಸೋತವರು ಕೊನೆಗೆ ದಾವೆ ಗೆಲ್ಲುವುದು ಅಪರೂಪವೇನಲ್ಲ. ಆಗ ಮೊದಲೇ ಕೊಟ್ಟ 45 ಲಕ್ಷ? ಪೂರ್ತಿ ನ್ಯಾಯ ತೀರ್ಮಾನ ಆಗುವ ಮೊದಲೇ ಒಬ್ಬರು ದಿವಾಳಿ ಎದ್ದಿರುತ್ತಾರೆ.

ಕೊನೆಗೆ ಆದೇಶ ಹೀಗಾಯಿತು. ಮೇಲ್ಮನವಿ ಭಾಗಶಃ ಪುರಸ್ಕೃತ. 45,28,000 ರದ್ದು. ಹೈಕೋರ್ಟ್ ಮೇಲ್ಮನವಿಗೆ ನಿಯಮದ ಪ್ರಕಾರ ಬರುವ ಖರ್ಚು, ಅದರ ಜೊತೆಗೆ ಎಚ್ಚರಿಕೆಯ ರೂಪದ ಹೆಚ್ಚುವರಿ ಖರ್ಚು 3,000 ರೂಪಾಯಿ.

ಲಕ್ಷದಿಂದ ಸಾವಿರಕ್ಕೆ ಇಳಿದ ಈ ಅಂಕಿ ನೋಡಿ ನಗು ಬಂದರೆ ತಪ್ಪಿಲ್ಲ.

ಮೂರು ಸಾವಿರದ ತಕರಾರು

3,000 ಎಲ್ಲಿಂದ ಬಂತು? 35ಎ ಕಲಂ ನೋಡಿ. ಸುಳ್ಳು ಅಥವಾ ಕಾಟ ಕೊಡುವ ಉದ್ದೇಶದ ದಾವೆ, ತಕರಾರುಗಳಿಗೆ ಪರಿಹಾರ ರೂಪದ ಖರ್ಚು ಹಾಕಲು ಅವಕಾಶ ಕೊಡುವ ಕಲಂ ಅದು. 1922ರಲ್ಲಿ ಸಂಹಿತೆಗೆ ಸೇರಿದಾಗ ಮಿತಿ 1,000 ರೂಪಾಯಿ. ಆಗಿನ ಸಾವಿರ ಸುಮ್ನೆ ಮಾತಲ್ಲ. 1976ರ ತಿದ್ದುಪಡಿಯಲ್ಲಿ ಅದನ್ನು 3,000 ಮಾಡಿದರು. ಅಲ್ಲಿಗೆ ನಿಂತಿತು. ಇವತ್ತು ಸುಳ್ಳು ದಾವೆ ಹಾಕುವವರಿಗೆ ಮೂರು ಸಾವಿರ ಯಾವ ಲೆಕ್ಕ? ಒಂದು ಮುದ್ದತ್ತಿಗೆ, ಅಂದರೆ ವಿಚಾರಣೆಯ ಒಂದು ದಿನಕ್ಕೆ, ವಕೀಲರ ಕಾರಿಗೆ ಹಾಕುವ ಪೆಟ್ರೋಲು.

ಇಲ್ಲಿ ನನಗೊಂದು ತಕರಾರಿದೆ. 35ಎ ಕಲಂ ಅಪೀಲು, ರಿವಿಷನ್ನುಗಳನ್ನು (ಮೇಲಿನ ಕೋರ್ಟಿನ ಮರುಪರಿಶೀಲನೆ) ಹೊರಗಿಟ್ಟಿದೆ. ದಾವೆಗೆ, ಡಿಕ್ರಿಯ ಅಮಲ್ಜಾರಿಗೆ (ಜಾರಿ ಮಾಡಿಸುವುದಕ್ಕೆ) ಅನ್ವಯ. ಮೇಲ್ಮನವಿಗೆ ಇಲ್ಲ. ನಿಯಮದ ಅಕ್ಷರಕ್ಕೆ ಅಂಟಿಕೊಳ್ಳಿ ಎಂದು ಹೈಕೋರ್ಟಿಗೆ ಹೇಳಿದ ತೀರ್ಪು, ಮೇಲ್ಮನವಿಯ ಖರ್ಚಿಗೆ ಆ ಕಲಮಿನ ಮಿತಿಯ ಮೊತ್ತವನ್ನೇ ಸೇರಿಸಿದ್ದು ಹೇಗೆ ಹೊಂದುತ್ತದೆ ಅನ್ನುವುದು ನನಗೆ ಸರಿಯಾಗಿ ಅರ್ಥವಾಗುವುದಿಲ್ಲ. ಸಣ್ಣ ಮೊತ್ತ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಖರ್ಚಿನ ಆದೇಶ ಪ್ರಶ್ನಿಸುವವರು ಕೇಳಬೇಕಾದ ಪ್ರಶ್ನೆ ಇಂಥದ್ದೇ. "ಎಷ್ಟು ಜಾಸ್ತಿ" ಎನ್ನುವುದಕ್ಕಿಂತ ಮೊದಲು "ಯಾವ ಕಲಂ ಕೆಳಗೆ" ಎಂದು ಕೇಳಬೇಕು. 45 ಲಕ್ಷ ಬಿದ್ದುಹೋದದ್ದು ಅದು ದೊಡ್ಡ ಮೊತ್ತ ಎಂದಲ್ಲ, ಅದನ್ನು ಹೊತ್ತು ನಿಲ್ಲುವ ನಿಯಮ ಇರಲಿಲ್ಲ ಎಂದು.

ತೀರ್ಪಿನ ಸ್ವಭಾವವೂ ಎರಡು ಮುಖದ್ದು. ಒಂದು ಕಡೆ 45 ಲಕ್ಷ ರದ್ದು ಮಾಡಿತು. ಇನ್ನೊಂದು ಕಡೆ, ಈಗಿನ ನಿಯಮದ ಖರ್ಚು ತೀರಾ ಕಡಿಮೆ, ಇದರಿಂದ ಗೆದ್ದವರಿಗೆ ನ್ಯಾಯ ಸಿಗುತ್ತಿಲ್ಲ ಎಂದು ಪುಟಗಟ್ಟಲೆ ಬರೆಯಿತು. 35ಎ ಮಿತಿಯನ್ನು ಕನಿಷ್ಠ ಒಂದು ಲಕ್ಷಕ್ಕೆ ಏರಿಸಬೇಕು ಎಂದು ಸಲಹೆ ಕೊಟ್ಟಿತು. ಸಾಲದು ಎಂಬಂತೆ ಪಂಚಾಯ್ತಿ ಪ್ರಕರಣಗಳಲ್ಲಿ, ಅಂದರೆ ಆರ್ಬಿಟ್ರೇಷನ್ನಿನಲ್ಲಿ, ಫೀ ಮಿತಿ ಮೀರುತ್ತಿರುವುದರ ಬಗ್ಗೆಯೂ ಒಂದು ಭಾಗ ಬರೆಯಿತು. ರೋಗ ಇದೆ, ಆದರೆ ಔಷಧ ಕೊಡಬೇಕಾದವರು ನಿಯಮ ಮಾಡುವವರು ಎಂಬ ನಿಲುವು. ನನಗೆ ಇದು ಸರಿ ಅನ್ನಿಸುತ್ತದೆ. ಬೇರೆ ದಾರಿ ಹಿಡಿದರೆ ಪ್ರತಿ ಪೀಠವೂ ತನ್ನ ಮನಸ್ಸಿಗೆ ಬಂದ ಮೊತ್ತ ಹಾಕುತ್ತದೆ. ಒಂದು ಕೋರ್ಟ್ ಹಾಲಿನಲ್ಲಿ 45 ಲಕ್ಷ, ಪಕ್ಕದ ಹಾಲಿನಲ್ಲಿ 4,500.

ಹಿಂದಿನ ವರ್ಷದ ಆ ಇನ್ನೊಂದು ಕೇಸು ಈ ನಿಲುವಿನ ಬೇರು. 2010ರ ಜುಲೈ 5ರ ತೀರ್ಪು ಅದು. ಬಾಯಿಮಾತಿನ ಒಪ್ಪಂದ ಜಾರಿ ಮಾಡಿಸಿ ಎಂದು ಒಬ್ಬರು ದಾವೆ ಹಾಕಿದ್ದರು. ದಾವೆ ಇದ್ದಷ್ಟು ದಿನ ಎದುರಾಳಿಯ ಆಸ್ತಿ ಮಾರಾಟ ಕಷ್ಟ. ದೆಹಲಿ ಹೈಕೋರ್ಟ್ ಇದನ್ನು ನೋಡಿ ವಾದಿಗೆ ಹೇಳಿತು: ಸೋತರೆ 25 ಲಕ್ಷ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡು, ಆಮೇಲೆ ದಾವೆ ಮುಂದುವರಿಸು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಾವೆ ಹಾಕುವುದು ಹಕ್ಕು. ಹೀಗೆ ಪ್ರವೇಶ ಶುಲ್ಕ ಹಾಕಲು ಯಾವ ನಿಯಮವೂ ಇಲ್ಲ. ಕೋರ್ಟಿನ ಅಂತರ್ಗತ ಅಧಿಕಾರದ ಹೆಸರಿನಲ್ಲೂ ಆಗದು. ಆ ತೀರ್ಪೂ ಖರ್ಚಿನ ನಿಯಮ ಬದಲಿಸಿ ಎಂದು ಸಂಸತ್ತಿಗೆ, ಕಾನೂನು ಆಯೋಗಕ್ಕೆ ಹೇಳಿ ಮುಗಿಯಿತು.

ಆಮೇಲೆ ಏನಾಯಿತು

ಕಾನೂನು ಆಯೋಗ ಕೆಲಸ ಮಾಡಿತು. ನ್ಯಾಯಮೂರ್ತಿ ಪಿ.ವಿ. ರೆಡ್ಡಿ ಅಧ್ಯಕ್ಷತೆಯಲ್ಲಿ 2012ರ ಮೇ ತಿಂಗಳಲ್ಲಿ 240ನೇ ವರದಿ ಬಂತು. ಪೂರ್ತಿ ಸಿವಿಲ್ ಖರ್ಚಿನ ಬಗ್ಗೆಯೇ. ಆದರೆ ಮಾಮೂಲಿ ದಾವೆಗಳಿಗೆ ಸಂಹಿತೆಯ 35ಎ ಕಲಮಿನಲ್ಲಿ ಮೂರು ಸಾವಿರ ಹಾಗೇ ಉಳಿಯಿತು.

ಬದಲಾದದ್ದು ವಾಣಿಜ್ಯ ದಾವೆಗಳಲ್ಲಿ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅಂಥ ದಾವೆಗಳಿಗೆ ಬೇರೆಯೇ 35ನೇ ಕಲಂ ತಂದಿತು. ಸೋತವರು ಖರ್ಚು ಕೊಡುವುದೇ ಅಲ್ಲಿ ಸಾಮಾನ್ಯ ನಿಯಮ. ಕಕ್ಷಿದಾರರು ಹೇಗೆ ನಡೆದುಕೊಂಡರು, ಭಾಗಶಃ ಗೆದ್ದರಾ, ಸಮಂಜಸವಾದ ರಾಜಿಯನ್ನು ಸುಮ್ಮಸುಮ್ಮನೆ ತಿರಸ್ಕರಿಸಿದರಾ ಎಂದೆಲ್ಲ ಕೋರ್ಟು ನೋಡಬೇಕು. 35ಎ ಮಿತಿಯೂ ಅಲ್ಲಿ ಇಲ್ಲ. ಈ ಕಾಯ್ದೆ ಶುರುವಿನಲ್ಲಿ ಒಂದು ಕೋಟಿ ಮೇಲಿನ ವ್ಯಾಜ್ಯಗಳಿಗೆ ಮಾತ್ರ ಇತ್ತು, 2018ರಲ್ಲಿ ಆ ಮಟ್ಟ ಮೂರು ಲಕ್ಷಕ್ಕೆ ಇಳಿಯಿತು. ಹಾಗಾಗಿ ಒಂದು ಸಣ್ಣ ಅಂಗಡಿ ಬಾಡಿಗೆಯ ಜಗಳವೂ ಈಗ ಅಲ್ಲಿಗೆ ಹೋಗಬಹುದು. ಎರಡೂ ಕಡೆ ಒಂದೇ ಕಾನೂನು ಎಂದುಕೊಂಡು ಕೂತವರಿಗೆ ಖರ್ಚಿನ ಆದೇಶ ಬಂದ ಮೇಲೆ ಶಾಕ್ ಹೊಡೆಯುತ್ತದೆ.

2021ರ ಸೆಪ್ಟೆಂಬರ್ 17ರ ಯೂಫ್ಲೆಕ್ಸ್ ತೀರ್ಪನ್ನೂ ಹೇಳಲೇಬೇಕು. ತಮಿಳುನಾಡು ಸರ್ಕಾರ ಮದ್ಯದ ಬಾಟಲಿಗಳಿಗೆ ಹೊಲೊಗ್ರಾಂ ಲೇಬಲ್ ಖರೀದಿಸುವ ಟೆಂಡರ್ ಜಗಳ ಅದು. ಅಲ್ಲಿ ಸುಪ್ರೀಂ ಕೋರ್ಟ್ ಸೋತವರು ಎದುರು ಪಕ್ಷದ ವಕೀಲರ ಫೀ ತುಂಬಿಕೊಡಬೇಕು ಎಂದೇ ಆದೇಶಿಸಿತು. ಟೆಂಡರ್ ವ್ಯವಹಾರ ದುಡ್ಡಿನದು, ಆಡುವವರೂ ದುಡ್ಡಿನವರು ಎಂಬ ನೋಟ ಅದಕ್ಕಿತ್ತು. ಇದನ್ನು ಹಿಡಿದುಕೊಂಡು ಊರಿನ ಪಾಲು ದಾವೆಯಲ್ಲಿ ಬಿಲ್ಲು ಮುಂದಿಟ್ಟರೆ ಟ್ರಸ್ಟ್ ಪ್ರಕರಣ ಎದುರಿಗೆ ನಿಲ್ಲುತ್ತದೆ. ಎರಡೂ ತೀರ್ಪು ಇರುವಾಗ ನಿಮ್ಮ ಕೇಸು ಯಾವುದಕ್ಕೆ ಹತ್ತಿರ ಎಂಬುದೇ ವಾದ.

ಅಪೀಲಿಗೆ ಯಾವ ದಾರಿ

ಖರ್ಚಿನ ಆದೇಶ ಯಾವ ಕಲಂ ಕೆಳಗೆ ಬಂದಿದೆ ಎನ್ನುವುದರ ಮೇಲೆ ದಾರಿ ಬೇರೆ ಬೇರೆ.

35ನೇ ಕಲಂ ಕೆಳಗಿನ ಮಾಮೂಲಿ ಖರ್ಚು ಡಿಕ್ರಿಯ ಭಾಗ. ಡಿಕ್ರಿಯ ಮೇಲೆ ಅಪೀಲು ಹೋಗುವಾಗ ಖರ್ಚಿನ ತಕರಾರನ್ನೂ ಒಂದು ಆಧಾರವಾಗಿ ಬರೆದರೆ ಸಾಕು. ಬರೀ ಖರ್ಚಿನ ಮೇಲೆ ಅಪೀಲು ಹೋದರೆ ಕೋರ್ಟುಗಳು ಸುಲಭಕ್ಕೆ ಕೈ ಹಾಕುವುದಿಲ್ಲ. ವಿವೇಚನೆ ಕೆಳಗಿನ ಕೋರ್ಟಿನದು, ನಾವಾಗಿದ್ದರೆ ಬೇರೆ ಮೊತ್ತ ಹಾಕುತ್ತಿದ್ದೆವು ಎನ್ನುವುದು ಕಾರಣವಲ್ಲ ಎನ್ನುತ್ತವೆ. ತತ್ವದ ಪ್ರಶ್ನೆ ಇದ್ದರೆ, ವಿವೇಚನೆಯನ್ನು ಬಳಸಲೇ ಇಲ್ಲದಿದ್ದರೆ, ಆಧಾರವೇ ಇಲ್ಲದೆ ಮೊತ್ತ ಹಾಕಿದ್ದರೆ ಮಾತ್ರ ಕೇಳುತ್ತವೆ. ಟ್ರಸ್ಟ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ನಿಂತದ್ದು ತತ್ವದ ಪ್ರಶ್ನೆಯಾಗಿ.

ಗೆದ್ದರೂ ಖರ್ಚು ಸಿಗದವರಿಗೆ ಒಂದು ಒಳ್ಳೆ ಹಿಡಿಕೆ ಇದೆ. ಗೆದ್ದವರಿಗೆ ಖರ್ಚು ಬೇಡ ಎಂದರೆ ಕೋರ್ಟು ಕಾರಣ ಬರೆಯಲೇಬೇಕು ಎನ್ನುತ್ತದೆ 35ನೇ ಕಲಂನ ಎರಡನೇ ಉಪಕಲಂ. ತೀರ್ಪಿನ ಕೊನೆಯಲ್ಲಿ "ಖರ್ಚು ಅವರವರದೇ" ಎಂಬ ಒಂದೇ ಸಾಲು ಇದ್ದು, ಯಾಕೆ ಎಂದು ಎಲ್ಲೂ ಬರೆಯದಿದ್ದರೆ ಅದೇ ತಕರಾರು. ಒಡಹುಟ್ಟಿದವರ ಪಾಲು ದಾವೆಯಲ್ಲಿ ಹೀಗೆ ಬರೆಯುವುದು ವಾಡಿಕೆ, ಅಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ. ಸಾಲ ವಸೂಲಿ ದಾವೆಯಲ್ಲಿ ಹೀಗೆ ಬರೆದರೆ ಕೇಳಲು ಜಾಗ ಇದೆ.

35ಎ ಕೆಳಗಿನ ಆದೇಶಕ್ಕೆ 104ನೇ ಕಲಂ ನೇರವಾಗಿ ಅಪೀಲು ಕೊಡುತ್ತದೆ. ಆದರೆ ಒಂದು ತಿರುವು. ಆದೇಶ ಆಗಲೇಬಾರದಿತ್ತು, ಅಥವಾ ಕಡಿಮೆ ಮೊತ್ತ ಹಾಕಬೇಕಿತ್ತು ಎಂಬ ಕಾರಣಕ್ಕೆ ಮಾತ್ರ ಆ ಅಪೀಲು. ಅಂದರೆ ದುಡ್ಡು ಕೊಡಬೇಕಾದವರಿಗೆ ಮಾತ್ರ. ನನಗೆ ಕಡಿಮೆ ಸಿಕ್ಕಿತು ಎಂದು ಪಡೆದವರು ಹೋಗುವಂತಿಲ್ಲ. ಆ ಅಪೀಲಿನ ತೀರ್ಪಿನ ಮೇಲೆ ಮತ್ತೆ ಅಪೀಲೂ ಇಲ್ಲ.

35ಬಿ ಬೇರೆ ಪ್ರಾಣಿ. ಮುದ್ದತ್ತಿನ ಮೇಲೆ ಮುದ್ದತ್ತು ಕೇಳಿ ಎಳೆದಾಡುವವರಿಗೆ ಆ ದಿನದ ಖರ್ಚು ಹಾಕುವ ಕಲಂ. ಆ ದುಡ್ಡು ಕಟ್ಟದಿದ್ದರೆ ವಾದಿ ದಾವೆ ಮುಂದುವರಿಸುವಂತಿಲ್ಲ, ಪ್ರತಿವಾದಿ ತನ್ನ ಪ್ರತಿವಾದ ಮುಂದುವರಿಸುವಂತಿಲ್ಲ. ಮೊತ್ತ ಸಣ್ಣದು ಎಂದು ಬಿಟ್ಟರೆ ಕೇಸೇ ಕೈಬಿಟ್ಟು ಹೋಗುತ್ತದೆ. 104ನೇ ಕಲಂ ಪಟ್ಟಿಯಲ್ಲಿ ಇದಕ್ಕೆ ಅಪೀಲು ಇಲ್ಲ. ಉಳಿಯುವುದು ಸಂವಿಧಾನದ 227ನೇ ವಿಧಿಯಲ್ಲಿ ಹೈಕೋರ್ಟಿಗೆ ಅರ್ಜಿ. ಇಲ್ಲವೇ ಕೊನೆಯ ಡಿಕ್ರಿಯ ಅಪೀಲಿನಲ್ಲಿ, ಆ ಆದೇಶದಿಂದ ತೀರ್ಪೇ ಕೆಟ್ಟಿತು ಎಂದು ತೋರಿಸುವುದು.

ವಾಣಿಜ್ಯ ದಾವೆಯಲ್ಲಿ ದಾರಿ ಇನ್ನೂ ಇಕ್ಕಟ್ಟು. ಅಲ್ಲಿ ಆದೇಶಗಳ ಮೇಲಿನ ಅಪೀಲು ಸಂಹಿತೆಯ ಆರ್ಡರ್ 43 ಎಂಬ ಅಧ್ಯಾಯದಲ್ಲಿ ಹೆಸರಿಸಿದವಕ್ಕೆ ಮತ್ತು ಆರ್ಬಿಟ್ರೇಷನ್ ಕಾಯ್ದೆಯ 37ನೇ ಕಲಮಿನವಕ್ಕೆ ಮಾತ್ರ. ಖರ್ಚಿನ ಮಧ್ಯಂತರ ಆದೇಶ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ತೀರ್ಪಿನ ಮೇಲಿನ ಅಪೀಲಿಗೆ 60 ದಿನ. ಮಾಮೂಲಿ ಡಿಕ್ರಿಗೆ ಜಿಲ್ಲಾ ಕೋರ್ಟಿಗೆ ಹೋಗುವುದಾದರೆ 30 ದಿನ, ಹೈಕೋರ್ಟಿಗಾದರೆ 90.

ಅಪೀಲು ಬರೆಯುವ ಮೊದಲು ಡಿಕ್ರಿಯ ಆ ಕೊನೆಯ ಹಾಳೆ ಕೂಡಿ ಕಳೆದು ನೋಡಿ. ಕೂಡುವಲ್ಲಿ ತಪ್ಪಾಗಿದ್ದರೆ, ಬತ್ತಾ ಎರಡು ಸಲ ಸೇರಿದ್ದರೆ ಅದಕ್ಕೆ ಅಪೀಲು ಬೇಡ. ಅದೇ ಕೋರ್ಟಿಗೆ 152ನೇ ಕಲಂ ಕೆಳಗೆ ಒಂದು ಅರ್ಜಿ ಸಾಕು. ಮತ್ತೆ, ಅಪೀಲು ಹಾಕಿದ ತಕ್ಷಣ ಖರ್ಚಿನ ವಸೂಲಿ ನಿಲ್ಲುವುದಿಲ್ಲ. ತಡೆ ಬೇಕಾದರೆ ಬೇರೆ ಅರ್ಜಿ ಹಾಕಿ ಕೇಳಬೇಕು.

ಜನ ಎಡವುವ ಇನ್ನೊಂದು ಜಾಗ ಖರ್ಚಿನ ದುಡ್ಡು ತೆಗೆದುಕೊಳ್ಳುವಲ್ಲಿ. ತನ್ನ ದಾವೆಯ ಬರಹ ತಿದ್ದಲು ಎದುರಾಳಿ ಹಾಕಿದ ತಿದ್ದುಪಡಿ ಅರ್ಜಿಯನ್ನು ಕೋರ್ಟು "ಇಷ್ಟು ಖರ್ಚು ಕೊಡುವ ಷರತ್ತಿನ ಮೇಲೆ" ಒಪ್ಪಿತು ಅಂದುಕೊಳ್ಳಿ. ಅವರ ವಕೀಲರು ಕೋರ್ಟ್ ಹಾಲಿನಲ್ಲೇ ನೋಟು ಎಣಿಸಿ ಮುಂದೆ ಹಿಡಿಯುತ್ತಾರೆ. ನಿಮ್ಮವರು ತೆಗೆದುಕೊಂಡು ರಸೀದಿಗೆ ಸಹಿ ಹಾಕಿದರು. ಆಮೇಲೆ ಆ ತಿದ್ದುಪಡಿಯೇ ತಪ್ಪು ಎಂದು ಮೇಲೆ ಹೋಗಲಾಗುವುದಿಲ್ಲ. ಷರತ್ತಿನ ಲಾಭ ಪಡೆದವರು ಆದೇಶ ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದೆ. ಖರ್ಚು ಷರತ್ತಾಗಿರದೆ, ಅರ್ಜಿ ಒಪ್ಪಿದ್ದೇ ಬೇರೆ, ಖರ್ಚು ಹಾಕಿದ್ದೇ ಬೇರೆ ಎನ್ನುವಂತೆ ಆದೇಶ ಇದ್ದರೆ ಮಾತ್ರ ದುಡ್ಡು ಪಡೆದರೂ ಹಕ್ಕು ಉಳಿಯುತ್ತದೆ ಎಂದೂ ಅದೇ ತೀರ್ಪು ಹೇಳುತ್ತದೆ. ಆದ್ದರಿಂದ ಮೇಲೆ ಹೋಗುವ ಯೋಚನೆ ಇದ್ದರೆ, ನಿಮ್ಮ ವಕೀಲರಿಗೆ ಆ ದಿನ ಬೆಳಿಗ್ಗೆಯೇ ಹೇಳಿಡಿ: ಆದೇಶದ ಪ್ರತಿ ಓದುವ ತನಕ ದುಡ್ಡು ಮುಟ್ಟುವುದು ಬೇಡ.